ಕೋಷರ್ ಅಂದರೆ ‘ಮಡಿ’ ಅಲ್ಲ

ಇಂಗ್ಲಿಷ್ ಪದಗಳ ಪಟ್ಟಿಯಲ್ಲಿ ‘ಕೋಷರ್’ ಬಂದಾಗ ಅಂಚಿನಲ್ಲಿ ‘ಮಡಿ ಊಟ’ ಅಂತ ಬರೆದುಕೊಂಡಿದ್ದೆ. ಈಗ ಅದನ್ನು ಹೊಡೆದುಹಾಕಿದ್ದೇನೆ. ನೀವೂ ಹಾಗೆ ಬರೆದಿದ್ದರೆ ತಿದ್ದಿಕೊಳ್ಳಿ. ಕೋಷರ್ ಅಂದರೆ ತಕ್ಕದ್ದು, ಸರಿಯಾದದ್ದು. ಯಹೂದಿ ನಿಯಮದ ಪ್ರಕಾರ ತಿನ್ನಲು ತಕ್ಕ ಆಹಾರ. ಹಂದಿ, ಸಿಗಡಿ ಆಗದು. ಮಾಂಸ, ಹಾಲು ಜೊತೆಗೂಡಬಾರದು.

ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯದಲ್ಲಿ ಯಾವ ಪ್ರಾಣಿ ತಿನ್ನಬಹುದು ಅಂತ ಹೇಳಿದೆ. ಹೀಬ್ರೂವಿನಲ್ಲಿ ಅಲ್ಲಿರುವ ಪದ ‘ತಾಹೋರ್’, ಅಂದರೆ ಶುದ್ಧ. ನಮ್ಮ ಮಡಿಗೆ ಹತ್ತಿರದ್ದು ಅದು. ಕೋಷರ್‌ನ ಹೀಬ್ರೂ ಮೂಲ ‘ಕಾಷೇರ್’ ಸಿಗುವುದು ಬೈಬಲಿನದೇ ಎಸ್ತೇರಳ ಪುಸ್ತಕದಲ್ಲಿ (8:5). ‘ಈ ಮಾತು ರಾಜನಿಗೆ ಸರಿ ಕಂಡರೆ’ ಎಂದು ಎಸ್ತೇರ್ ರಾಣಿ ಕೇಳಿಕೊಳ್ಳುತ್ತಾಳಲ್ಲ, ಆ ‘ಸರಿ’ಯೇ ಕಾಷೇರ್. ಊಟದ ಸುದ್ದಿಯೇ ಇಲ್ಲ! ಆಹಾರಕ್ಕೆ ಈ ಪದ ಅಂಟಿದ್ದು ಆಮೇಲೆ, ರಬ್ಬಿಗಳ (ಯಹೂದಿ ಧರ್ಮಗುರುಗಳ) ಕಾಲದಲ್ಲಿ. ಇವತ್ತಿಗೂ ಕೈಯಲ್ಲಿ ಬರೆದ ತೋರಾ (ಯಹೂದಿ ಧರ್ಮಗ್ರಂಥ) ಸುರುಳಿಯಲ್ಲಿ ಒಂದು ಅಕ್ಷರ ಬಿಟ್ಟುಹೋದರೂ ಅದು ಕೋಷರ್ ಅಲ್ಲ.

ನನಗೆ ಜಾಸ್ತಿ ತೊಡಕಾಗಿದ್ದು ಉಚ್ಚಾರಣೆ. ಹೀಬ್ರೂವಿನಲ್ಲಿ ‘ಕಾ’, ಇಂಗ್ಲಿಷಿನಲ್ಲಿ ‘ಕೋ’. ಯಾಕೆ? ಈ ಪದ ಇಂಗ್ಲಿಷಿಗೆ ನೇರವಾಗಿ ಬರಲಿಲ್ಲ. 19ನೇ ಶತಮಾನದಲ್ಲಿ ಯಿಡ್ಡಿಷ್ ಮೂಲಕ ಬಂತು. ಯಿಡ್ಡಿಷ್ ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಹೀಬ್ರೂವಿನ ಈ ‘ಕಾ’ ಅಕ್ಷರದ ಕೆಳಗೆ ಪುಟ್ಟ ಇಂಗ್ಲಿಷ್ ‘ಟಿ’ ತರಹದ ಸ್ವರದ ಗುರುತು ಇರುತ್ತದೆ, ಹೆಸರು ‘ಕಮಾತ್ಸ್’. ಇಸ್ರೇಲಿನಲ್ಲಿ ಅದನ್ನು ಸಾಮಾನ್ಯವಾಗಿ ‘ಆ’ ಎನ್ನುತ್ತಾರೆ. ಯುರೋಪಿನ ಈ ಯಹೂದಿಗಳು ‘ಓ’ ಎನ್ನುತ್ತಿದ್ದರು. ಒತ್ತು ಕೂಡ ಕೊನೆಯಿಂದ ಮೊದಲಿಗೆ ಬಂತು. ‘ಶಾಲೋಮ್’ ಗೊತ್ತಲ್ವಾ? ಅದು ಯಿಡ್ಡಿಷಿನಲ್ಲಿ ‘ಶೋಲೆಮ್’. ಶಾ-ಶೋ, ಕಾ-ಕೋ. ಈ ಜೋಡಿಯನ್ನು ಎರಡು ಸಲ ಬಾಯಿಬಿಟ್ಟು ಹೇಳಿದ ಮೇಲೆ ನನಗೆ ಮರೆತೇ ಇಲ್ಲ.

ವಿರುದ್ಧ ಪದ ‘ಟ್ರೆಯ್ಫ್’. ಮೂಲದಲ್ಲಿ ಕಾಡುಮೃಗ ಸೀಳಿದ ಪ್ರಾಣಿಯ ಮಾಂಸ (ವಿಮೋಚನಕಾಂಡ 22:31). ಈಗ ಕೋಷರ್ ಅಲ್ಲದ್ದೆಲ್ಲ ಟ್ರೆಯ್ಫ್.

ಇಂಗ್ಲಿಷಿನಲ್ಲಿ ‘ಈ ವ್ಯವಹಾರ ಕೋಷರ್ ಅಲ್ಲ’ ಅಂದರೆ ಏನೋ ಸರಿಯಿಲ್ಲ ಅಂತ. ಇಲ್ಲಿ ಎಸ್ತೇರಳ ಹಳೆಯ ಅರ್ಥಕ್ಕೇ ಹತ್ತಿರ ಬಂದಿದ್ದೇವೆ, ನೋಡಿ.

ಇನ್ನು ಅಡುಗೆ ಬರಹಗಳಲ್ಲಿ ಕಾಣುವ ‘ಕೋಷರ್ ಉಪ್ಪು’. ಹೆಸರು ಬಂದದ್ದು ಅದರ ಕೆಲಸದಿಂದ. ಮಾಂಸವನ್ನು ಕೋಷರ್ ಮಾಡಲು ಅರ್ಧ ಗಂಟೆ ನೆನೆಸಿ, ಈ ದಪ್ಪ ಹರಳುಪ್ಪು ಸವರಿ, ಒಂದು ಗಂಟೆ ಬಿಟ್ಟು ರಕ್ತ ಇಳಿಸುತ್ತಾರೆ. ಆಮೇಲೆ ಚೆನ್ನಾಗಿ ತೊಳೆಯುತ್ತಾರೆ. ಪುಡಿ ಉಪ್ಪಾದರೆ ಮಾಂಸದಲ್ಲೇ ಕರಗಿಬಿಡುತ್ತದೆ.