ಕಪ್ಪುಕುಳಿಗೂ ಪಾಳಿ ಉಂಟೇ?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು, ಅಂದರೆ ಮಾನ್ವಿ, ಸಿರವಾರದ ಕಡೆಯವರು, ಗೇಜ್ ನೋಡುವುದರಲ್ಲಿ ಪಳಗಿದವರು. ನೀರು ಏರಿದರೆ ಕೆಲವು ದಿನ ಏರಿಯೇ ಇರುತ್ತದೆ, ಇಳಿದರೆ ಇಳಿದೇ. ಮೇಲ್ಭಾಗದಲ್ಲಿ ಯಾರೋ ಪಂಪ್‌ಸೆಟ್ ಹಚ್ಚುತ್ತಾರೆ, ಎಲ್ಲೋ ಮಳೆ ಹೊಡೆಯುತ್ತದೆ. ಮಟ್ಟ ಮೂರು ಸಲ ಏರಿಳಿದರೆ ಸಾಕು, ‘ಎಂಟು ದಿನಕ್ಕೊಂದು ಪಾಳಿ’ ಎಂದು ಊರೇ ಲೆಕ್ಕ ಹಾಕುತ್ತದೆ. ಪಾಳಿಯ ಆದೇಶವೇ ಆಗಿರುವುದಿಲ್ಲ!

ಸಕ್ರಿಯ ಗ್ಯಾಲಕ್ಸಿಗಳ, ಅಂದರೆ ನಡುವಿನ ದೈತ್ಯ ಕಪ್ಪುಕುಳಿ ಅನಿಲ ನುಂಗುತ್ತಿರುವ ಗ್ಯಾಲಕ್ಸಿಗಳ, ಎಕ್ಸ್‌ರೇ ಬೆಳಕಿನ ಏರಿಳಿತದಲ್ಲಿ ಲಯ ಹುಡುಕುವವರಿಗೂ ಇದೇ ಮೋಸ. ಕುಳಿಯ ಸುತ್ತಲಿನ ಅನಿಲದ ತಟ್ಟೆಯಲ್ಲಿ ಹೊರಗಿನ ಏರುಪೇರು ನಿಧಾನ, ಒಳಗಿನದು ಚುರುಕು. ಹೊರಗಿನದು ಒಳಕ್ಕೆ ಹರಿದು ಬಂದು ಒಳಗಿನದನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಮುಖ್ಯ ಕಾಲುವೆ ಸೊರಗಿದ ದಿನ ಹೊಲಗಾಲುವೆಯ ಅಲೆಯೂ ಸೊರಗುವ ಹಾಗೆ. ಇದು ‘ಕೆಂಪು ಗದ್ದಲ’. ಶೇಂಗಾ ಹುರಿವಾಗಿನ ಚಟಪಟ ಬಿಳಿ ಗದ್ದಲ: ಒಂದು ಕಾಳು ಸಿಡಿದದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಒಣಮೆಣಸಿನಕಾಯಿ ದರ ಮಾತ್ರ ಕೆಂಪು (ಬಣ್ಣದಿಂದಲ್ಲ): ಇವತ್ತಿನದು ನಿನ್ನೆಯದನ್ನು ಹಿಡಿದೇ ನಡೆಯುತ್ತದೆ. ಅದಕ್ಕೇ, ಯಾವ ಲಯವೂ ಇಲ್ಲದ ಸಾವಿರಾರು ಕೃತಕ ಕೆಂಪು ಗದ್ದಲಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ನಿಜವಾದ ಅಳತೆಯ ನಕ್ಷೆಯಲ್ಲಿ ಲಯದ ಗುರುತಾಗಿ ಕಂಡಷ್ಟೇ ಎತ್ತರದ ಶಿಖರ ಎಷ್ಟು ಸಲ ಸುಮ್ಮನೆ ಮೂಡುತ್ತದೆಂದು ಎಣಿಸಬೇಕು. ಜೊತೆಗೆ, ಭೂಮಿಗೆ ಹತ್ತಿರ ಸುತ್ತುವ ಉಪಗ್ರಹಕ್ಕೆ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯೇ ಅಡ್ಡ ಬರುತ್ತದೆ. ಆ ಖಾಲಿ ಜಾಗವೂ ‘ಲಯ’ವಾಗಿ ಕಾಣುತ್ತದೆ.

ಎನ್‌ಜಿಸಿ 6814ರ ಕತೆ ಇನ್ನೂ ಸ್ವಾರಸ್ಯ. ಯುರೋಪಿನ ಎಕ್ಸೊಸ್ಯಾಟ್, ಜಪಾನಿನ ಗಿಂಗಾ ಉಪಗ್ರಹಗಳೆರಡೂ ಆ ಗ್ಯಾಲಕ್ಸಿಯ ಕಡೆಯಿಂದ ಸುಮಾರು 12,000 ಸೆಕೆಂಡಿನ ಅಚ್ಚುಕಟ್ಟಾದ ಲಯ ಕಂಡವು. ಸಿದ್ಧಾಂತಗಳು ಸಾಲಾಗಿ ಬಂದವು. ಆಮೇಲೆ ರೋಸ್ಯಾಟ್ ದೂರದರ್ಶಕ ಚಿತ್ರ ತೆಗೆದಾಗ ಕಳ್ಳ ಸಿಕ್ಕಿದ: ಗ್ಯಾಲಕ್ಸಿಯಿಂದ 37 ಕಲೆಯಷ್ಟು (ಡಿಗ್ರಿಯ ಅರವತ್ತನೇ ಒಂದು ಭಾಗವೇ ಕಲೆ), ಹುಣ್ಣಿಮೆ ಚಂದ್ರನ ಅಗಲಕ್ಕಿಂತ ತುಸು ಹೆಚ್ಚು, ಆಚೆಗಿದ್ದ ನಮ್ಮದೇ ಆಕಾಶಗಂಗೆಯ ಜೋಡಿನಕ್ಷತ್ರ. ಹಳೆಯ ಉಪಕರಣಗಳಿಗೆ ಎರಡನ್ನೂ ಬೇರ್ಪಡಿಸುವ ಕಣ್ಣೇ ಇರಲಿಲ್ಲ. ಇಲ್ಲಿ ಲಯ ನಿಜ, ವಿಳಾಸ ತಪ್ಪು.

ಹಾಗೆಂದು ಎಲ್ಲವೂ ಭ್ರಮೆಯಲ್ಲ. ಆರ್‌ಇ ಜೆ1034+396 ಗ್ಯಾಲಕ್ಸಿಯಲ್ಲಿ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ 2007ರಲ್ಲಿ ಸುಮಾರು ಒಂದು ಗಂಟೆಯ ಲಯವನ್ನು ಸತತ 16 ಸುತ್ತು ಕಂಡಿತು; 2018ರಲ್ಲಿ ಅದು ಮತ್ತೆ ಸಿಕ್ಕಿತು. ಆ ಉಪಗ್ರಹದ ಒಂದು ಪ್ರದಕ್ಷಿಣೆಗೆ ಸುಮಾರು 48 ಗಂಟೆ ಹಿಡಿಯುವುದರಿಂದ ನಡುವೆ ಭೂಮಿ ಅಡ್ಡ ಬರಲಿಲ್ಲ. ಜಿಎಸ್ಎನ್ 069 ಗ್ಯಾಲಕ್ಸಿಯಲ್ಲಂತೂ ಸುಮಾರು ಒಂಬತ್ತು ಗಂಟೆಗೊಮ್ಮೆ ಎಕ್ಸ್‌ರೇ ಸ್ಫೋಟ. ಪ್ರಬಲ ಸ್ಫೋಟದ ಬಳಿಕ ಅಂತರ ಉದ್ದ, ದುರ್ಬಲದ ಬಳಿಕ ಗಿಡ್ಡ. ಕುಳಿಯನ್ನು ಮೊಟ್ಟೆಯಾಕಾರದ ಕಕ್ಷೆಯಲ್ಲಿ ಸುತ್ತುವ ಪುಟ್ಟ ಕಾಯವೊಂದು ಪ್ರತಿ ಸುತ್ತಿಗೂ ತಟ್ಟೆಯನ್ನು ಎರಡು ಕಡೆ ತೂರಿ ಹೋದರೆ ಅಂತರ ಹೀಗೇ ಒಂದು ಉದ್ದ, ಒಂದು ಗಿಡ್ಡ ಬರಬೇಕು.