ಸೂಜಿ ಚುಚ್ಚಿದರೆ ಎದ್ದು ಓಡುವ ಸೈನಿಕ

ಗಂಗಾವತಿಯ ಅಕ್ಕನ ಮನೆಗೆ ಹೋದರೆ ಸಾಕು, ಅಳಿಯ ನನ್ನ ಕೈಗೆ ಕಂಟ್ರೋಲರ್ ಕೊಟ್ಟುಬಿಡುತ್ತಾನೆ. ಆಟ ಬ್ಯಾಟಲ್‌ಫೀಲ್ಡ್ 1, ಮೊದಲ ಮಹಾಯುದ್ಧದ ವಿಡಿಯೋ ಗೇಮ್. ನನಗೆ ಗುರಿ ಇಟ್ಟು ಹೊಡೆಯೋಕೆ ಬರಲ್ಲ, ಹಾಗಾಗಿ ಯಾವಾಗಲೂ ಮೆಡಿಕ್, ಅಂದರೆ ಗಾಯಗೊಂಡವರನ್ನು ನೋಡಿಕೊಳ್ಳುವ ಸೈನಿಕ.

"ಮಾಮಾ, ಅಲ್ಲೊಬ್ಬ ಬಿದ್ದಾನ, ಲಗೂ ಸೂಜಿ ಚುಚ್ಚು!" ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಕೂಗುತ್ತಾನೆ. ಓಡಿಹೋಗಿ ಚುಚ್ಚುತ್ತೇನೆ. ಸತ್ತಂತಿದ್ದವನು ತಟಕ್ಕನೆ ಎದ್ದು ಬಂದೂಕು ಹಿಡಿದು ಓಡುತ್ತಾನೆ. ನನಗೆ ಪಾಯಿಂಟು.

ಆ ಸೂಜಿಯಲ್ಲಿ ಏನಿರಬಹುದು? ಅಂಥ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮಾರ್ಫಿನ್ ಇತ್ತು, ಅದು ನೋವನ್ನಷ್ಟೇ ತಗ್ಗಿಸುತ್ತದೆ. ದೊಡ್ಡವರ ಮೈಯಲ್ಲಿ ಇರೋದೇ ಸುಮಾರು 5 ಲೀಟರ್ ರಕ್ತ. 2 ಲೀಟರ್ ಹೋದರೆ ಜೀವಕ್ಕೇ ಅಪಾಯ. ತೊಡೆಯ ದೊಡ್ಡ ಅಪಧಮನಿ ತುಂಡಾದರೆ ಕೆಲವೇ ನಿಮಿಷದ ಆಟ. ಹಾಗಾಗಿ ನಿಜವಾದ ಮೆಡಿಕ್ ಮೊದಲು ಮಾಡೋದು ತುಂಬಿಸುವ ಕೆಲಸ ಅಲ್ಲ, ಮುಚ್ಚುವ ಕೆಲಸ. ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ಕೈಕಾಲಿನ ರಕ್ತ ಅದಕ್ಕೂ ನಿಲ್ಲದಿದ್ದರೆ ಗಾಯದ ಮೇಲ್ಭಾಗಕ್ಕೆ, ಕೀಲು ಬಿಟ್ಟು, ಟೂರ್ನಿಕೆ ಪಟ್ಟಿ ಬಿಗಿಯುತ್ತಾರೆ. ಕಟ್ಟಿದ ಹೊತ್ತನ್ನೂ ಬರೆದಿಡುತ್ತಾರೆ, 2 ಗಂಟೆ ದಾಟಿದರೆ ನರ, ಸ್ನಾಯುಗಳಿಗೆ ಪೆಟ್ಟು.

ಒಮ್ಮೆ ಗಾಜು ತುಳಿದಾಗ ನಾನು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ "ನಿಂತಿತಾ?" ಅಂತ ನೋಡುತ್ತಿದ್ದೆ. ಪ್ರತಿ ಸಲ ಆಗತಾನೆ ಕಟ್ಟುತ್ತಿದ್ದ ಹೆಪ್ಪು ಕಿತ್ತು ಬರುತ್ತಿತ್ತು. ಸುಮ್ನೆ ಒತ್ತಿ ಹಿಡಿಯೋದೇ ಎಷ್ಟು ಕಷ್ಟ ನೋಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ? ಹೋದ ನೀರನ್ನು ವಾಪಸ್ ತರುವ ಮಾತು ಯಾರೂ ಆಡಲಿಲ್ಲ. ಉಳಿದ ಗೇಟುಗಳನ್ನೂ ತೆರೆದು ಭಾರ ಇಳಿಸಿದರು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಅಡ್ಡಹಲಗೆಗಳನ್ನು ಇಳಿಸಿ ಬಾಯಿ ಮುಚ್ಚಿದರು. ಮೈಯಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ರಕ್ತ ಸೋರುತ್ತಿರುವಾಗ ಬಾಟ್ಲಿಗಟ್ಟಲೆ ಸಲೈನ್ ಏರಿಸಿದರೆ ಒತ್ತಡ ಜಾಸ್ತಿಯಾಗಿ ಎಳೆ ಹೆಪ್ಪು ಕಿತ್ತುಹೋಗುತ್ತದೆ, ಉಳಿದ ರಕ್ತವೂ ತೆಳುವಾಗುತ್ತದೆ. ಅದಕ್ಕೇ ಈಗ ಒತ್ತಡವನ್ನು ಬೇಕೆಂತಲೇ ಸ್ವಲ್ಪ ಕೆಳಗಿಡುತ್ತಾರೆ. ತಲೆಗೆ ಪೆಟ್ಟಾಗಿದ್ದರೆ ಲೆಕ್ಕ ಬೇರೆ.

ಹೋದ ರಕ್ತಕ್ಕೆ ರಕ್ತವೇ ಬೇಕು. ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟಲ್ಲ ಅಂತ ಗೊತ್ತಾದ ಮೇಲೆ, 1917ರಲ್ಲಿ ಓಸ್ವಾಲ್ಡ್ ರಾಬರ್ಟ್‌ಸನ್ ಎಂಬ ವೈದ್ಯ ಬಾಟ್ಲಿಗಳಲ್ಲಿ ರಕ್ತ ತುಂಬಿ, ಐಸಿನ ಪೆಟ್ಟಿಗೆಯಲ್ಲಿಟ್ಟು ಯುದ್ಧಭೂಮಿಯ ಹತ್ತಿರಕ್ಕೆ ಒಯ್ದ. ಆಟ ತೋರಿಸುವ ಅದೇ ಯುದ್ಧ. ಆಟದವರು ಇಂಥ ಪೆಟ್ಟಿಗೆ ಬಿಟ್ಟು ಮಾಯದ ಸೂಜಿ ಆರಿಸಿಕೊಂಡಿದ್ದು ನನಗಂತೂ ಬೇಜಾರು.

ಇನ್ನೊಂದು ಸಂಗತಿ ನಂಬೋದೇ ಕಷ್ಟ. ರಾಯಚೂರಿನ 42 ಡಿಗ್ರಿ ಬಿಸಿಲಲ್ಲಿ ಬಿದ್ದವನಿಗೂ ಕಂಬಳಿ ಹೊದಿಸಬೇಕು. ರಕ್ತ ಕಮ್ಮಿಯಾದ ಮೈ ತನ್ನ ಕಾವು ತಾನೇ ಹುಟ್ಟಿಸಿಕೊಳ್ಳಲಾರದೆ ತಣ್ಣಗಾಗುತ್ತಾ ಹೋಗುತ್ತದೆ. ಮೈ ತಣ್ಣಗಾದಂತೆ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಮಂದವಾಗುತ್ತವೆ. ಮತ್ತೆ ರಕ್ತ ಸೋರುತ್ತದೆ, ಮೈ ಇನ್ನೂ ತಣ್ಣಗಾಗುತ್ತದೆ.

ಇಷ್ಟನ್ನೂ ಅಳಿಯನಿಗೆ ಹೇಳಿದೆ. "ಹಂಗಾದ್ರ ಇದರಾಗ ಕಂಬಳಿ ಯಾಕ ಇಲ್ಲ ಮಾಮಾ?" ಅಂದ. ಉತ್ತರ ಹೇಳುವಷ್ಟರಲ್ಲಿ ಎಲ್ಲಿಂದಲೋ ಗುಂಡು ಬಂತು, ನಾನೇ ಬಿದ್ದೆ. ಸುತ್ತಮುತ್ತ ಒಬ್ಬ ಮೆಡಿಕ್ಕೂ ಇರಲಿಲ್ಲ.