ತಣಿಸಿದ್ದಾಯಿತು, ಬೆಚ್ಚಗಾಗಿಸುವುದು ಹೇಗೆ?

ಮನಶ್ಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಬೆಡ್‌ಫರ್ಡ್ ತೀರಿಕೊಂಡದ್ದು 1967ರ ಜನವರಿ 12ರಂದು. ಮುಂದೊಂದು ದಿನ ಮತ್ತೆ ಬದುಕಿಸಬಹುದೆಂಬ ಆಸೆಯಿಂದ ಸತ್ತವರ ದೇಹವನ್ನು ಅತಿಶೀತದಲ್ಲಿಡುವುದೇ ಕ್ರಯೋನಿಕ್ಸ್. ಅದರ ಹೆಸರಿನಲ್ಲಿ ಕಾದಿರಿಸಿದ ಮೊದಲ ಮನುಷ್ಯ ಅವರು. ದೇಹ ಈಗ ಅಮೆರಿಕದ ಅರಿಜೋನಾದ ಆಲ್ಕೋರ್ ಸಂಸ್ಥೆಯಲ್ಲಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿದೆ. ಆ ಶೀತದಲ್ಲಿ ರಾಸಾಯನಿಕ ಕ್ರಿಯೆಗಳು ನಿಂತೇಹೋದಂತೆ. ಐವತ್ತು ವರ್ಷವಾದರೂ ಒಂದೇ, ಐನೂರಾದರೂ ಒಂದೇ. ಪಾತ್ರೆಗೆ ವಿದ್ಯುತ್ತೂ ಬೇಡ, ಆವಿಯಾದಷ್ಟು ಸಾರಜನಕ ತುಂಬುತ್ತಿದ್ದರಾಯಿತು. ಇಂಥ ಪಾತ್ರೆಗಳಿಗೆ ದೇಹವನ್ನು ತಲೆಕೆಳಗಾಗಿ ಇಳಿಸುವುದು ವಾಡಿಕೆ. ದ್ರವದ ಮಟ್ಟ ಇಳಿದರೂ ಮಿದುಳು ಕೊನೆತನಕ ಮುಳುಗಿರಬೇಕಲ್ಲ!

ಅಪಾಯವಿರುವುದು ಆ ಶೀತಕ್ಕೆ ಇಳಿಯುವಾಗ ಮತ್ತು ಅಲ್ಲಿಂದ ಏರುವಾಗ. ಮಂಜುಗಡ್ಡೆ ಜೀವಕೋಶವನ್ನು ಒಳಗಿನಿಂದ ಸೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಆದರೆ ನಿಧಾನವಾಗಿ ತಣಿಯುವ ಅಂಗಾಂಶದಲ್ಲಿ ಮಂಜು ಮೊದಲು ಕಟ್ಟುವುದು ಕೋಶಗಳ ಹೊರಗೆ. ನೀರಷ್ಟೇ ಹರಳುಗಟ್ಟುವುದರಿಂದ ಉಳಿದ ದ್ರವದಲ್ಲಿ ಉಪ್ಪು ಗಾಢವಾಗುತ್ತದೆ, ಅದು ಕೋಶದೊಳಗಿನ ನೀರನ್ನೂ ಹೀರಿಬಿಡುತ್ತದೆ.

ಆದ್ದರಿಂದಲೇ ಮಂಜು ಕಟ್ಟಿಸದೆ ದೇಹವನ್ನು ಗಾಜಿನ ಸ್ಥಿತಿಗೆ, ಅಂದರೆ ದ್ರವ ಹರಳಾಗದೆ ಹಾಗೇ ಗಟ್ಟಿಯಾಗುವ ಸ್ಥಿತಿಗೆ, ಒಯ್ಯುವ ಪ್ರಯತ್ನ. ಸಾವು ಘೋಷಣೆಯಾದ ಕೂಡಲೇ ದೇಹವನ್ನು ಐಸುನೀರಿನಲ್ಲಿಟ್ಟು, ಎದೆ ಒತ್ತುವ ಯಂತ್ರದಿಂದ ರಕ್ತ ಹರಿಸುತ್ತಾ, ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಆಮೇಲೆ ರಕ್ತ ತೊಳೆದು, ಮಂಜು ಕಟ್ಟದಂತೆ ತಡೆಯುವ ಡಿಎಂಎಸ್‌ಒ, ಎಥಿಲೀನ್ ಗ್ಲೈಕಾಲ್ ಮುಂತಾದ ರಾಸಾಯನಿಕಗಳ ದ್ರಾವಣ ಹಾಯಿಸುತ್ತಾರೆ. ಗಾಢತೆಯನ್ನು ಮೆಲ್ಲಮೆಲ್ಲನೆ ಏರಿಸಬೇಕು. ಒಮ್ಮೆಗೇ ಏರಿಸಿದರೆ ಕೋಶಗಳು ಸುಕ್ಕುಗಟ್ಟುತ್ತವೆ, ತೀರಾ ಬೆಚ್ಚಗಿರುವಾಗ ಏರಿಸಿದರೆ ದ್ರಾವಣವೇ ವಿಷ. ತಲೆಬುರುಡೆಯಲ್ಲಿ ಕೊರೆದ ಸಣ್ಣ ರಂಧ್ರದಿಂದ ಮಿದುಳಿನ ಮೇಲೆ ಕಣ್ಣಿಟ್ಟಿರುತ್ತಾರೆ. ಅದು ಕುಗ್ಗುತ್ತಿದ್ದರೆ ದ್ರಾವಣ ತಲುಪುತ್ತಿದೆ. ಊದಿಕೊಂಡರೆ ರಕ್ತನಾಳಗಳು ಆಗಲೇ ಹಾಳಾಗಿವೆ. ಸಾವಿನ ನಂತರ ಗಂಟೆಗಟ್ಟಲೆ ತಡವಾದಾಗ ಆಗುವುದು ಇದೇ. ಸುಮಾರು ಮೈನಸ್ 123 ಡಿಗ್ರಿಯಲ್ಲಿ ದ್ರಾವಣ ಗಾಜಾಗುತ್ತದೆ. ಅದಕ್ಕೂ ಕೆಳಗೆ ಅವಸರ ಮಾಡಿದರೆ ಬಿರುಕು, ದಿನಗಟ್ಟಲೆ ನಿಧಾನಿಸಿದರೂ ಬಿರುಕು ಪೂರ್ತಿ ತಪ್ಪುವುದಿಲ್ಲ.

ಇಷ್ಟಾದರೂ ಅರ್ಧ ದಾರಿ. ತಣಿಸುವಾಗ ಹುಟ್ಟಿದ, ಕಣ್ಣಿಗೆ ಕಾಣದ ಮಂಜಿನ ಕಣಗಳು ಬೆಚ್ಚಗಾಗುವಾಗ ಬೆಳೆಯತೊಡಗುತ್ತವೆ. ಅವಕ್ಕೆ ಸಮಯ ಕೊಡದಿರಲು, ತಣಿಸಿದ್ದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ, ಅದೂ ಒಳಗೂ ಹೊರಗೂ ಏಕಸಮವಾಗಿ ಬಿಸಿ ಮಾಡಬೇಕು. ಕಣ್ಣಿಗೆ ಚುಕ್ಕೆಯಂತೆ ಕಾಣುವ ಮಾನವ ಭ್ರೂಣಕ್ಕೆ ಇದು ಸಲೀಸು. ಬಂಜೆತನ ಚಿಕಿತ್ಸೆಯಲ್ಲಿ ನಿತ್ಯದ ಕೆಲಸ. ದೊಡ್ಡ ಅಂಗದಲ್ಲಿ ಶಾಖ ಹೊರಮೈಯಿಂದಲೇ ಒಳಗಿಳಿಯಬೇಕು, ಅಷ್ಟರಲ್ಲಿ ಒಳಗೆ ಮಂಜು, ಹೊರಗೆ ಬಿರುಕು. ಮಿನ್ನೆಸೋಟ ವಿಶ್ವವಿದ್ಯಾಲಯದವರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು. ಇಲಿಯ ಮೂತ್ರಪಿಂಡದ ರಕ್ತನಾಳಗಳಲ್ಲಿ ಐರನ್ ಆಕ್ಸೈಡ್‌ನ ನ್ಯಾನೋಕಣ ತುಂಬಿಸಿ, ತಣಿಸಿ, 100 ದಿನಗಳವರೆಗೆ ಇಟ್ಟು, ದಿಕ್ಕು ಬದಲಿಸುತ್ತಲೇ ಇರುವ ಕಾಂತಕ್ಷೇತ್ರದಿಂದ ಒಳಗಿನಿಂದಲೇ ಬಿಸಿ ಮಾಡಿದರು. ಕಸಿ ಮಾಡಿದ ಮೇಲೆ ಅವು ಕೆಲಸ ಮಾಡಿದವು. ಈ ವರದಿ ಪ್ರಕಟವಾದದ್ದು 2023ರಲ್ಲಿ.

ಇಲಿಯ ಮೂತ್ರಪಿಂಡ ಒಂದೆರಡು ಗ್ರಾಂ, ಮನುಷ್ಯನ ಮಿದುಳು ಸುಮಾರು 1,400. ಒಂದು ಇಡೀ ಸಸ್ತನಿಯೂ ಅಂಥ ಶೀತದಿಂದ ಇದುವರೆಗೆ ಜೀವಂತವಾಗಿ ಮರಳಿಲ್ಲ. ಈ ವಿದ್ಯೆಯ ಫಲ ಮೊದಲು ಸಿಗುವುದು ಅಂಗ ಕಸಿಗೆ: ದಾನವಾಗಿ ಬಂದ ಹೃದಯವನ್ನು ಸಾಮಾನ್ಯ ಐಸಿನ ಪೆಟ್ಟಿಗೆಯಲ್ಲಿ ಇಂದಿಗೂ ನಾಲ್ಕಾರು ಗಂಟೆಗಿಂತ ಹೆಚ್ಚು ಇಡುವಂತಿಲ್ಲ.